ಎರಡು ಗುದ್ದು

ದ್ಯಾವಮ್ಮ ಒಳ್ಳೆಯವಳು ಎಂದು ಲೈನಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಯಾರ ಮನೆಯಲ್ಲಿ ಹೆರಿಗೆಯಾದರೂ ಬಿಸಿನೀರು ಕಾಯಿಸುವವಳು ಅವಳು. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಕೂರುವವಳು ಅವಳು. ಹೇಳುವವರು ಹೇಳಲಿ. ದ್ಯಾವಮ್ಮನಿಗೆ ತನ್ನ ಬಗ್ಗೆ ಗೊತ್ತಿದ್ದುದು ಬೇರೆ. ಅದನ್ನು ಅವಳು ಎರಡು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡು, ಅದರ ಮೇಲೇ ಮುದ್ದೆ ನುಂಗಿಕೊಂಡು ಬದುಕಿದ್ದಳು.

ಚಿನ್ನದ ಗಣಿಯ ಕೋರಮಂಡಲಿನಲ್ಲಿ ಕೂಲಿಗಳ ಕಡೆಯ ಲೈನು ಅದು. ಒಂದೊಂದೇ ಕೋಣೆಯ ಮನೆಗಳು, ತಗಡಿನ ಸೂರು, ಎರಡು ಮನೆಗಳ ನಡುವೆ ಒಂದೇ ಮಣ್ಣುಗೋಡೆ. ಹಿಂದೆ, ಚಿನ್ನ ತೆಗೆದು ಬಿಸಾಡಿದ ಕಲ್ಲುಪುಡಿಯ, ಬೂದಿ ಬಣ್ಣದ ಸಯನೈಡ್ ದಿಬ್ಬ. ಗಾಳಿ ಬೀಸಿದರೆ ದಿಬ್ಬದ ಪುಡಿ ಹಾರಿಬಂದು ಸಾರಿನೊಳಗೆ ಬೀಳುತ್ತಿತ್ತು. ಚಿನ್ನ ಎಲ್ಲಿಗೆ ಹೋಯಿತೋ ಲೈನಿನವರು ಕಾಣರು. ಪುಡಿ ಮಾತ್ರ ಅವರ ಪಾಲಿಗೆ ಉಳಿದಿತ್ತು.

ದ್ಯಾವಮ್ಮನ ಗಂಡ ಗಣಿಯೊಳಗಿನ ಕಲ್ಲುಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತಿದ್ದ. ಅವಳದು ಕಕ್ಕಸ್ಸು ಬಳಿಯುವ ಕೆಲಸ. ಬೆಳಗಿನ ನಾಲ್ಕಕ್ಕೆ ಎದ್ದು, ತಗಡಿನ ಚೂರಿನಿಂದ ಬಳಿದು, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ದಿಬ್ಬದಾಚೆಯ ಗುಂಡಿಗೆ ಸುರಿಯಬೇಕು. ಮಳೆಗಾಲದಲ್ಲಿ ಬುಟ್ಟಿ ಸೋರುತ್ತಿತ್ತು. ಸೋರಿದ್ದು ಕಿವಿಯ ಹಿಂದೆ ಇಳಿದು ಕುತ್ತಿಗೆಗೆ ಬರುತ್ತಿತ್ತು. ಎರಡೂ ಕೈ ಬುಟ್ಟಿ ಹಿಡಿದಿರುತ್ತಿದ್ದುದರಿಂದ ಒರೆಸಿಕೊಳ್ಳುವಂತಿರಲಿಲ್ಲ. ಕೈಯನ್ನು ಬೂದಿ ಹಾಕಿ ಮೂರು ಸಲ ಉಜ್ಜಿದರೂ ಮುದ್ದೆ ಮುರಿಯುವಾಗ ವಾಸನೆ ಬರುತ್ತಿತ್ತು. ಅವಳು ಉಸಿರು ಹಿಡಿದು ಉಣ್ಣುವುದನ್ನು ಕಲಿತಿದ್ದಳು.

ಆ ಗುತ್ತಿಗೆ ಕೆಲಸಕ್ಕೆ ಮೇಸ್ತ್ರಿ ಸೊಣ್ಣಪ್ಪ. ಹಾಜರಿ ಪುಸ್ತಕ ಅವನ ಕಂಕುಳಲ್ಲಿ ಇರುತ್ತಿತ್ತು. ಹತ್ತು ಅಡಿ ದೂರದಲ್ಲಿ, ಮೂಗಿಗೆ ಟವಲು ಹಿಡಿದು ನಿಂತು ಹೆಸರು ಕೂಗುತ್ತಿದ್ದ. ಅವನು ಹೆಸರು ಬರೆದುಕೊಂಡರೆ ಉಂಟು, ಇಲ್ಲದಿದ್ದರೆ ಆ ದಿನ ಹೊತ್ತ ಬುಟ್ಟಿ ಹೊತ್ತದ್ದೇ ಅಲ್ಲ.

ಗೋಡೆಯ ಆಚೆಯ ಮನೆ ಅಕ್ಕಯ್ಯಮ್ಮನದು. ಬೂದಿಕೋಟೆ ಕಡೆಯಿಂದ ಬಂದ ವಿಧವೆ. ಬೆಳಗಿನ ರೈಲಿಗೆ ಬಂಗಾರಪೇಟೆಗೆ ಹೋಗಿ ಸಂತೆಬೀದಿಯಲ್ಲಿ ಸೊಪ್ಪು ಮಾರಿ ಸಂಜೆ ರೈಲಿಗೆ ಬರುತ್ತಿದ್ದಳು. ಅವಳಿಗೊಬ್ಬಳೇ ಮಗಳು, ಪಾಪಕ್ಕ. ಇಪ್ಪತ್ತು ದಾಟಿದ ಹೆಣ್ಣು. ಹುಟ್ಟಿನಿಂದಲೇ ಕಿವಿ ಕೇಳದು, ಮಾತು ಬಾರದು.

ಲೈನಿನ ರೂಢಿ ಹೀಗಿತ್ತು: ಕುರುಡಿ, ಕಿವುಡಿ, ಬುದ್ಧಿ ಬೆಳೆಯದ ಮಗಳು, ಯಾರೇ ಮನೆಯಲ್ಲಿರಲಿ, ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ. ಬೀಗದ ಕೈ ಪಕ್ಕದ ಮನೆಗೆ. ಬೆಂಕಿಗಿಂಕಿ ಬಿದ್ದರೆ ತೆಗೆಯಲಿಕ್ಕೆ. ಅಂಥ ಮನೆಗಳ ಬಾಗಿಲಿಗೆ ಒಳಗಡೆ ಚಿಲಕವನ್ನೇ ಹಾಕಿಸುತ್ತಿರಲಿಲ್ಲ. ಒಳಗಿನಿಂದ ಹಾಕಿಕೊಂಡು ಕೂತರೆ ಕೂಗಿದರೂ ಕೇಳುವುದಿಲ್ಲವಲ್ಲ, ಅದಕ್ಕೆ. ಕಾಪಾಡುವುದೆಂದರೆ ಕೂಡಿಹಾಕುವುದು ಎಂದೇ ಎಲ್ಲರೂ ತಿಳಿದಿದ್ದರು. ದ್ಯಾವಮ್ಮನೂ ಹಾಗೇ ತಿಳಿದಿದ್ದಳು. ಅಕ್ಕಯ್ಯಮ್ಮನ ಮನೆಯ ಬೀಗದ ಕೈ ಅವಳ ಸೊಂಟದಲ್ಲಿ ಇರುತ್ತಿತ್ತು.

ಪಾಪಕ್ಕನಿಗೂ ಅವಳಿಗೂ ಒಂದು ಆಟವಿತ್ತು. ಗಣಿಯೊಳಗೆ ಶಿಫ್ಟು ಬಿಡುವ ಹೊತ್ತಿಗೆ, ಮಧ್ಯಾಹ್ನ ಮೂರೂವರೆಗೆ, ಬಂಡೆಗೆ ಮದ್ದು ಸಿಡಿಸುತ್ತಿದ್ದರು. ನೆಲ ನಡುಗುತ್ತಿತ್ತು. ದ್ಯಾವಮ್ಮನ ಮನೆಯ ಹಲಗೆಯ ಮೇಲಿನ ಪಾತ್ರೆಗಳೆಲ್ಲ ಕಿಣಿಕಿಣಿ ಎನ್ನುತ್ತಿದ್ದವು. ಜಗತ್ತಿನಲ್ಲಿ ಪಾಪಕ್ಕನಿಗೆ ತಿಳಿಯುತ್ತಿದ್ದ ಸದ್ದು ಅದೊಂದೇ. ಅಂಗಾಲಿನಿಂದ ಹತ್ತಿ ಎದೆಗೆ ಬರುವ ಸದ್ದು. ಅದು ಬಂದ ಕೂಡಲೇ ಅವಳು ಖುಷಿಯಿಂದ ಗೋಡೆಗೆ ಗುದ್ದುತ್ತಿದ್ದಳು: ನಿನಗೂ ಗೊತ್ತಾಯಿತಾ? ಈ ಕಡೆಯಿಂದ ದ್ಯಾವಮ್ಮ ಎರಡು ಗುದ್ದು ಗುದ್ದುತ್ತಿದ್ದಳು: ಗೊತ್ತಾಯಿತು. ಪಾಪಕ್ಕ ಅಂಗೈಯನ್ನು ಗೋಡೆಗೆ ಒತ್ತಿ ಆ ಎರಡು ಗುದ್ದನ್ನು ಕೇಳಿಸಿಕೊಳ್ಳುತ್ತಿದ್ದಳು. ದಿನಾ ಇಷ್ಟೇ. ಐದಾರು ವರ್ಷ ನಡೆದ ಮಾತುಕತೆ ಅದು.

ಎಂಬತ್ತೇಳರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸೊಣ್ಣಪ್ಪ ಬಂದು ದ್ಯಾವಮ್ಮನ ಬಾಗಿಲ ಮುಂದೆ ನಿಂತ.

"ಲೇ ದ್ಯಾವೀ, ಪಕ್ಕದ ಮನೆ ಬೀಗದ ಕೈ ನಿನ್ತಾವ ಐತಂತೆ."

"ಐತೆ ಸಾಮಿ."

"ಕೊಡು ಇಲ್ಲಿ. ಸೂರಿನ ತಗಡು ಕಿತ್ತೋಗೈತಂತೆ, ನೋಡ್ಬೇಕು."

"ಒಳಗೆ ಎಣ್ಮಗ ಒಬ್ಳೇ ಅವ್ಳೆ ಸಾಮಿ."

"ಇದ್ರೇನಂತೆ? ನಾನೇನು ತಿಂದಾಕ್ತೀನಾ?" ಎಂದು ಅವನು ನಕ್ಕ. ಹಾಜರಿ ಪುಸ್ತಕವನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ. "ನಿನ್ನ ಆಜರಿ ಒಂದಿನಾನಾದ್ರೂ ತಪ್ಪಿಸಿದೀನಾ ನಾನು?"

ತಗಡು ಕಿತ್ತುಹೋಗಿರಲಿಲ್ಲ. ಒಂದೇ ಸೂರಿನ ಕೆಳಗೆ ಇದ್ದ ದ್ಯಾವಮ್ಮನಿಗೆ ಅದು ಗೊತ್ತಿರದೆ ಇರುತ್ತದೆಯೇ? ಆದರೂ ಸೊಂಟದಿಂದ ಬೀಗದ ಕೈ ಬಿಚ್ಚಿದಳು. ನೆಲದ ಮೇಲಿಟ್ಟಳು. ಅವಳ ಕೈಯಿಂದ ಅವನು ತೆಗೆದುಕೊಳ್ಳುತ್ತಿರಲಿಲ್ಲ. ಅವಳು ಹಿಂದೆ ಸರಿದ ಮೇಲೆ ಟವಲಿನ ತುದಿಯಲ್ಲಿ ಅದನ್ನು ಎತ್ತಿಕೊಂಡ. ಅವಳ ಕೈ ತಾಗಿದರೆ ಮೈಲಿಗೆಯಾಗುವ ಮನುಷ್ಯ ಅವನು. ಆ ಲೈನಿನ ಯಾವ ಮನೆಯಲ್ಲೂ ಒಂದು ಲೋಟ ನೀರು ಕುಡಿದವನಲ್ಲ. ಬೀಗದ ಆಚೆ ಇದ್ದವಳ ಮೈಗೆ ಮಾತ್ರ ಅವನಿಗೆ ಮೈಲಿಗೆ ಇರಲಿಲ್ಲ.

ದ್ಯಾವಮ್ಮ ಒಳಗೆ ಬಂದು ರಾಗಿ ಹಸನು ಮಾಡಲು ಕೂತಳು. ಸ್ವಲ್ಪ ಹೊತ್ತಿಗೆ ಗೋಡೆ ಗುದ್ದಿದ ಸದ್ದಾಯಿತು. ಧಬ್, ಧಬ್. ಆಗ ಅವಳು ಮಾಡಿದ್ದು ಇದು. ಮೊರವನ್ನು ತೊಡೆಯ ಮೇಲಿಟ್ಟುಕೊಂಡೇ, ಹಿಂದಕ್ಕೆ ತಿರುಗದೇ, ಎಡಗೈಯಿಂದ ಗೋಡೆಗೆ ಎರಡು ಗುದ್ದು ಗುದ್ದಿದಳು.

ಆಚೆ ಕಡೆ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಜೋರಾಗಿ, ಒಂದರ ಮೇಲೊಂದು, ಲೆಕ್ಕವಿಲ್ಲದೆ. ದ್ಯಾವಮ್ಮ ತಲೆಯೆತ್ತಿ ಎದುರಿನ ಹಲಗೆಯ ಕಡೆ ನೋಡಿದಳು. ಪಾತ್ರೆಗಳು ಅಲುಗಾಡುತ್ತಿರಲಿಲ್ಲ. ಕಂಚಿನ ಚೊಂಬಿನ ಮೇಲೆ ಮಗುಚಿಟ್ಟ ಲೋಟವೂ ಸುಮ್ಮನಿತ್ತು. ಮದ್ದಿನ ಸದ್ದಲ್ಲ ಅದು.

ಅವಳಿಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಅವಳು ಎಂದೂ ತನಗೆ ತಾನೇ ಹೇಳಿಕೊಳ್ಳುವಂತಿಲ್ಲ. ಎದ್ದು ಹನ್ನೆರಡು ಹೆಜ್ಜೆ ಹಾಕಿದರೆ ಆ ಬಾಗಿಲು. ಅವಳ ಕಾಲು ಗಟ್ಟಿಯಾಗಿದ್ದವು, ಬುಟ್ಟಿ ಹೊತ್ತು ಮೈಲಿಗಟ್ಟಲೆ ನಡೆಯುವ ಕಾಲು. ಅವಳ ಗಂಟಲು ಚೆನ್ನಾಗಿತ್ತು. ಕೊಳಾಯಿ ಹತ್ತಿರ ಅವಳು ಬಾಯಿ ತೆಗೆದರೆ ಮೂರು ಲೈನಿಗೆ ಕೇಳುತ್ತಿತ್ತು. ಅವಳು ಏಳಲಿಲ್ಲ. ಕೂಗಲಿಲ್ಲ. ಮೊರದೊಳಗಿನ ಕಲ್ಲು ಆರಿಸಿದಳು. ಆರಿಸಿದ ಕಲ್ಲನ್ನೇ ಮತ್ತೆ ಮತ್ತೆ ಆರಿಸಿದಳು. ಗುದ್ದು ನಿಂತುಹೋಯಿತು. ಆಮೇಲೆ ಮೂರೂವರೆಗೆ ನಿಜವಾದ ಮದ್ದು ಸಿಡಿಯಿತು, ಪಾತ್ರೆಗಳು ಕಿಣಿಕಿಣಿ ಎಂದವು, ಗೋಡೆಯ ಆಚೆಯಿಂದ ಏನೂ ಬರಲಿಲ್ಲ.

ಬೀಗದ ಕೈಯನ್ನು ಸೊಣ್ಣಪ್ಪ ಹೊಸ್ತಿಲ ಮೇಲೆ ಎಸೆದು ಹೋದ. ಮರುದಿನ ಅವಳ ಹಾಜರಿ ಮೊದಲು ಕೂಗಿದ.

ಹದಿನೈದು ದಿನ ಕಳೆದು ಅವನು ಮತ್ತೆ ಬಂದ. ಈ ಸಲ ದ್ಯಾವಮ್ಮ ಬೀಗದ ಕೈ ಕೊಡಲಿಲ್ಲ. ಅವನು ಲೈನಿನ ತುದಿಯಲ್ಲಿ ಬರುತ್ತಿರುವುದನ್ನು ಕಂಡು, ಅದನ್ನು ಬಿಚ್ಚಿ ಹೊರಗಿನ ಗೂಡಿನಲ್ಲಿಟ್ಟು, ಕೊಡ ಎತ್ತಿಕೊಂಡು ಕೊಳಾಯಿಗೆ ಹೋದಳು. ನೀರು ಬರುವ ಹೊತ್ತಲ್ಲ ಅದು. ಒಣಗಿದ ಕೊಳಾಯಿಯ ಕೆಳಗೆ ಕೊಡವಿಟ್ಟು ಒಂದು ಗಂಟೆ ಕೂತಿದ್ದಳು. ನಾನು ಕೊಟ್ಟಿಲ್ಲ, ನಾನು ಕೊಟ್ಟಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಥೂ! ಕೊಟ್ಟವಳಿಗಿಂತ ಇಟ್ಟುಹೋದವಳು ಯಾವುದರಲ್ಲಿ ಮೇಲು?

ಪಾಪಕ್ಕ ಉಣ್ಣುವುದನ್ನು ಬಿಟ್ಟಳು. ಬೀಗ ಕಂಡರೆ ಅಮ್ಮನ ಸೆರಗು ಹಿಡಿದು ಒದ್ದಾಡುತ್ತಿದ್ದಳು. ಗಾಳಿ ಸೋಕಿದೆ ಎಂದರು. ಮಂತ್ರ ಹಾಕುವವನು ಬೇವಿನ ಬರಲಿನಿಂದ ಬೆನ್ನಿಗೆ ಬಾರಿಸಿದ. ಅಲುಗಾಡದಂತೆ ಪಾಪಕ್ಕನ ಎರಡೂ ತೋಳುಗಳನ್ನು ಹಿಡಿದುಕೊಂಡಿದ್ದವಳು ದ್ಯಾವಮ್ಮ. ಏಟು ತಿನ್ನುತ್ತಾ ಪಾಪಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ಕಣ್ಣು ತೆಗೆಯಲಿಲ್ಲ.

ಕೊನೆಗೆ ಅಕ್ಕಯ್ಯಮ್ಮ ಮಗಳನ್ನೂ ರೈಲು ಹತ್ತಿಸಿಕೊಂಡು ಹೋಗತೊಡಗಿದಳು. ಬಂಗಾರಪೇಟೆಯ ಬೀದಿಯಲ್ಲಿ ಸೊಪ್ಪಿನ ಗೋಣಿಯ ಪಕ್ಕ ಪಾಪಕ್ಕ ಎರಡು ವರ್ಷ ಕೂತಳು. ಎಂಬತ್ತೊಂಬತ್ತರಲ್ಲಿ ಬಂಗಾರಪೇಟೆ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಯಾವನೋ ಪಾಪಕ್ಕನ ಕೈ ಹಿಡಿದು ಎಳೆದ. ಅಕ್ಕಯ್ಯಮ್ಮ ಸೊಪ್ಪಿನ ಗಂಟು ಬಿಸಾಡಿ ಬಿಡಿಸಿಕೊಂಡು ಬಂದಳು. ಬಂದವಳು ಸೀದಾ ದ್ಯಾವಮ್ಮನ ಮನೆಗೆ ಬಂದಳು.

"ಸಾಕು ಕಣೇ ದ್ಯಾವಿ. ಸೋಮವಾರದಿಂದ ಮನೇಲೇ ಬಿಟ್ಟೋಯ್ತೀನಿ. ಬೀಗದ ಕೈ ನಿನ್ತಾವೇ ಇರ್ಲಿ. ನಿನ್ನ ಬಿಟ್ರೆ ನಂಗ್ಯಾರವ್ರೆ?"

ದ್ಯಾವಮ್ಮ ಹೂಂ ಅಂದಳು. ಶನಿವಾರ ಹಾಜರಿ ಕೂಗುವಾಗ ಸೊಣ್ಣಪ್ಪ ಟವಲಿನೊಳಗೇ ನಕ್ಕ. "ಪಕ್ಕದ ಮನೆ ಬೀಗದ ಕೈ ಮತ್ತೆ ನಿನ್ತಾವ್ಕೇ ಬತ್ತದಂತಲ್ಲಾ ದ್ಯಾವೀ?" ಅವಳು ಬುಟ್ಟಿ ಎತ್ತಿಕೊಂಡು ಕೆಲಸಕ್ಕೆ ನಡೆದಳು.

ನಡುವೆ ಭಾನುವಾರ ಒಂದೇ ಇತ್ತು. ಆ ಭಾನುವಾರ ಲೈನಿನ ರಾತ್ರಿಶಾಲೆಯ ಕಟ್ಟಡದಲ್ಲಿ ಹೆಣ್ಣುಮಕ್ಕಳ ಶಿಬಿರ. ಬೂದಿಕೋಟೆಯ ಮುನಿನಾರಾಯಣಮ್ಮ ನಡೆಸುವುದು. ಮಹಿಳಾ ಸಂಘದವಳು, ಮೂವತ್ತರ ಹೆಂಗಸು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಬಲಗಾಲು ಒಣಗಿ ಕಡ್ಡಿಯಾಗಿತ್ತು. ಕಂಕುಳಲ್ಲಿ ಊರುಗೋಲು. ಒಂಟಿ ಹೆಂಗಸರು, ಕೈಕಾಲು ಊನವಾದವರು, ಕಣ್ಣು ಕಿವಿ ಇಲ್ಲದವರು ತಮ್ಮ ಮೈ ತಾವು ಕಾಪಾಡಿಕೊಳ್ಳುವುದನ್ನು ಕಲಿಸುತ್ತಾಳೆ ಎಂದು ಮನೆಮನೆಗೆ ಹೇಳಿಹೋಗಿದ್ದರು. "ಮಾತು ಬರ್ದ ಮೂಗಿಗೇನು ಕಲಿಸ್ತಾಳೆ?" ಎಂದು ಗಂಡಸರು ನಕ್ಕಿದ್ದರು. ಅಕ್ಕಯ್ಯಮ್ಮ ಹಟಮಾಡಿ ಮಗಳನ್ನು ಕರೆತಂದಳು. ಪಾಪಕ್ಕನ ಸನ್ನೆ ಚೆನ್ನಾಗಿ ಬಲ್ಲವಳು ದ್ಯಾವಮ್ಮ ಒಬ್ಬಳೇ ಆದ್ದರಿಂದ ಅವಳನ್ನೂ ಎಳೆದುಕೊಂಡು ಬಂದಳು.

ಮೂವತ್ತು ಹೆಂಗಸರು ಸೇರಿದ್ದರು. ಮೊದಮೊದಲು ನಗುವೋ ನಗು. ಮುನಿನಾರಾಯಣಮ್ಮ ಗೋಡೆಗೆ ಒರಗಿ ನಿಂತು ಊರುಗೋಲನ್ನು ಎತ್ತಿ ಗಾಳಿಗೆ ಬೀಸಿದಳು.

"ಇದನ್ನ ನಮ್ಮಪ್ಪ ಮಾಡ್ಕೊಟ್ಟಿದ್ದು ನಡ್ಯಾಕೆ. ನಾನು ಇದ್ರಾಗೆ ಇಬ್ರ ಮಂಡಿ ಮುರ್ದಿದೀನಿ. ಕುಂಟಿ ಓಡಾಕಾಗಲ್ಲ ಅಂತ ಅವ್ರು ಲೆಕ್ಕ ಆಕ್ಕೊಂಡಿರ್ತಾರೆ. ಓಡಾಕಾಗಲ್ಲ, ನಿಜ. ಅದಕ್ಕೇ ನಾನು ನಿಂತ್ಕಂಡು ಒಡೀತೀನಿ."

ಕಣ್ಣು ಕಾಣದ ಆರೋಗ್ಯಮೇರಿ, ಪಕ್ಕದ ಲೈನಿನ ಮುದುಕಿ, ತಮಿಳು ಬೆರೆಸಿ ಕೇಳಿದಳು: "ನಂಗೆ ಅವ್ನ ಮಂಡಿ ಎಲ್ಲಿ ಇರ್ಕ್ಕುದು ಅಂತ ಎಂಗಮ್ಮಾ ತೆರಿಯೋದು?"

"ಅವ್ನು ನಿನ್ನ ಮುಟ್ಟಿದ ಮ್ಯಾಲೆ ಅವ್ನೆಲ್ಲವ್ನೆ ಅಂತ ಗೊತ್ತಾಯ್ತದಲ್ಲಾ ಪಾಟಿ. ಕಿರುಬೆಟ್ಟು ಸಿಗ್ಲಿ ಸಾಕು, ಇಡ್ಕಂಡು ಇಂದಕ್ಕೆ ಮುರಿ."

ಆರೋಗ್ಯಮೇರಿ ಪಕ್ಕದಲ್ಲಿದ್ದವಳ ಕಿರುಬೆರಳು ಹಿಡಿದು ತಿರುಚಿ ನೋಡಿದಳು. ಆ ಹೆಂಗಸು ಅಯ್ಯಯ್ಯೋ ಎಂದು ಕಿರುಚಿದಾಗ ಕಟ್ಟಡವೇ ನಕ್ಕಿತು. ದ್ಯಾವಮ್ಮನೂ ನಕ್ಕಳು. ನಕ್ಕಿದ್ದಕ್ಕೆ ತಕ್ಷಣ ನಾಚಿಕೆಯಾಯಿತು.

ಆಮೇಲೆ ಮುನಿನಾರಾಯಣಮ್ಮ ಬೀಗದ ಮಾತು ತೆಗೆದಳು. ಯಾರ್‍ಯಾರ ಮನೆಗೆ ಹೊರಗಿನಿಂದ ಬೀಗ, ಕೈಯೆತ್ತಿ ಅಂದಳು. ಹದಿಮೂರು ಕೈ ಎದ್ದವು. ಯಾರ ಮನೆ ಬಾಗಿಲಿಗೆ ಒಳಗಡೆ ಚಿಲಕ ಐತೆ? ಎರಡು.

"ಹೊರಗೆ ಬೀಗ ಇದ್ದು ಒಳಗೆ ಚಿಲಕ ಇಲ್ದಿದ್ರೆ ಅದು ಕೋಳಿಗೂಡು ಕಣ್ರಮ್ಮಾ. ಕೀ ಯಾರ ಕೈಯಾಗೈತೋ ಕೋಳಿ ಅವ್ರದು." ಯಾರೂ ನಗಲಿಲ್ಲ. ದ್ಯಾವಮ್ಮ ಸೊಂಟ ಮುಟ್ಟಿಕೊಂಡಳು. ಅಲ್ಲಿ ಈಗ ಏನೂ ಇರಲಿಲ್ಲ, ನಾಳೆ ಬರಲಿತ್ತು.

"ಕೂಗೋಕಾಗೋರು ಕೂಗಿ," ಎಂದಳು ಮುನಿನಾರಾಯಣಮ್ಮ. "ಮಾತು ಬರ್ದೋರು ಗೋಡೆ ಗುದ್ದಿ. ತಟ್ಟೆ ಬಡೀರಿ. ಲೈನಿನ ಮನೆ, ಒಂದೇ ಗೋಡೆ. ಪಕ್ಕದ ಮನೆಯೋರು ಬತ್ತಾರೆ." ಹೇಳುತ್ತಾ ಗೋಡೆಗೆ ಗುದ್ದಿ ತೋರಿಸಿದಳು.

ಪಾಪಕ್ಕ ಎದ್ದು ನಿಂತಳು.

ಅಷ್ಟು ಹೊತ್ತು ಅಮ್ಮನ ಬೆನ್ನ ಹಿಂದೆ ಅಡಗಿದ್ದವಳು. ನೇರವಾಗಿ ಗೋಡೆಯ ಹತ್ತಿರ ಹೋಗಿ ಮುನಿನಾರಾಯಣಮ್ಮನ ಕೈಯನ್ನು ಗೋಡೆಯಿಂದ ತೆಗೆದಳು. ಇಲ್ಲ ಎಂದು ತಲೆಯಾಡಿಸಿದಳು. ಸೆರಗನ್ನು ಮೂಗಿಗೆ ಹಿಡಿದು ಒಬ್ಬ ಗಂಡಸಿನ ಹಾಗೆ ನಾಲ್ಕು ಹೆಜ್ಜೆ ನಡೆದಳು. ಬೀಗ ತೆಗೆಯುವ ಹಾಗೆ ಕೈ ತಿರುವಿದಳು. ಆಮೇಲೆ ಗೋಡೆಗೆ ಗುದ್ದತೊಡಗಿದಳು. ಗುದ್ದಿದಳು, ಗುದ್ದಿದಳು, ಗೆಣ್ಣು ತರಚಿ ಸುಣ್ಣದ ಮೇಲೆ ಕೆಂಪು ಹತ್ತುವ ತನಕ ಗುದ್ದಿದಳು. ನಿಂತಳು. ಅಂಗೈಯನ್ನು ಗೋಡೆಗೆ ಒತ್ತಿ, ಕೇಳಿಸಿಕೊಳ್ಳುವ ಹಾಗೆ ಕಣ್ಣು ಮುಚ್ಚಿದಳು.

"ಏನ್ ಯೋಳ್ತವ್ಳೆ ಈ ಎಣ್ಮಗಳು? ಯಾರಿಗಾದ್ರೂ ಗೊತ್ತಾಯ್ತದಾ?"

"ದ್ಯಾವಿಗೇ ಗೊತ್ತಾಗೋದು," ಎಂದಳು ಅಕ್ಕಯ್ಯಮ್ಮ. "ಯೋಳೇ ದ್ಯಾವಿ."

ಮೂವತ್ತು ಮುಖ ಅವಳ ಕಡೆ ತಿರುಗಿದವು. "ಆಟ," ಎಂದಳು ದ್ಯಾವಮ್ಮ. "ಮದ್ದು ಆರಿಸ್ದಾಗ ಗೋಡೆ ಗುದ್ದೋ ಆಟ ಅದು. ಮೊದ್ಲಿಂದ್ಲೂ ಆಡ್ತಾಳೆ."

ಅಕ್ಕಯ್ಯಮ್ಮ ನಿರಾಳವಾಗಿ ಉಸಿರುಬಿಟ್ಟಳು. "ಊಂ ಕಣಮ್ಮಾ, ಆಡ್ತಿದ್ಲು." ಹೆಂಗಸರು ಅಯ್ಯೋ ಪಾಪ ಎಂದರು.

ಪಾಪಕ್ಕನಿಗೆ ಮಾತು ಕೇಳದಿದ್ದರೇನು, ಮುಖ ಓದಲು ಬರುತ್ತಿತ್ತು. ಅವಳು ದ್ಯಾವಮ್ಮನ ಹತ್ತಿರ ಬಂದಳು. ಅವಳ ಎಡಗೈ ಹಿಡಿದಳು. ಬಲಗೈಯಲ್ಲ, ಎಡಗೈ. ಗೋಡೆಯ ಹತ್ತಿರ ಎಳೆದುಕೊಂಡು ಹೋದಳು. ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿದಳು. ಆ ಮುಷ್ಟಿಯನ್ನು ಗೋಡೆಗೆ ಬಡಿದಳು. ಒಂದು. ಎರಡು. ಬಿಟ್ಟುಬಿಟ್ಟಳು.

ಕಣ್ಣಿಲ್ಲದ ಆರೋಗ್ಯಮೇರಿ ಕತ್ತು ಓರೆ ಮಾಡಿ ಹೇಳಿದಳು: "ಮೊದ್ಲು ಗುದ್ದಿದ್ದು ಒಂದು ಕೈ. ಆಮೇಲೆ ಎರಡು ಗುದ್ದಿದ್ದು ಬೇರೆ ಕೈ. ಯಾರ್ ಮಾ ಅದು?"

ಎರಡು ವರ್ಷ ದ್ಯಾವಮ್ಮ ಒಂದು ನೆವ ಇಟ್ಟುಕೊಂಡಿದ್ದಳು. ತಾನು ಆ ದಿನ ಮನೆಯಲ್ಲಿದ್ದುದು ಪಾಪಕ್ಕನಿಗೆ ಗೊತ್ತಿಲ್ಲ ಎಂಬ ನೆವ. ತಾನು ಕೈಯಾರೆ ಗುದ್ದಿ ತಿಳಿಸಿದ್ದೇನೆ ಎನ್ನುವುದು ಅವಳಿಗೆ ಹೊಳೆದಿರಲೇ ಇಲ್ಲ. ಇಲ್ಲಿದ್ದೇನೆ, ಕೇಳಿಸಿತು, ಬರುವುದಿಲ್ಲ. ಆ ಹೆಣ್ಣಿಗೆ ಗೋಡೆಯಿಂದ ಬಂದ ಉತ್ತರ ಅದೇ ತಾನೆ?

"ನನ್ನ ಕೈ," ಎಂದಳು ದ್ಯಾವಮ್ಮ. "ಅದು ಆಟ ಅಲ್ಲ. ಸುಳ್ಳು ಯೋಳ್ದೆ. ಸೊಣ್ಣಪ್ಪ ಬಂದು ಬೀಗದ ಕೈ ಕೇಳ್ದ, ಕೊಟ್ಟೆ. ಇವ್ಳು ಗೋಡೆ ಗುದ್ದಿದ್ಲು. ನಾನು ಈ ಕಡೆಯಿಂದ ಎರಡು ಗುದ್ದಿ ಸುಮ್ಕೆ ಕೂತ್ಕಂಡೆ. ಪಾತ್ರೆ ಅಲುಗ್ಲಿಲ್ಲ. ಗೊತ್ತಾಯ್ತು ನಂಗೆ. ಗೊತ್ತಾದ್ರೂ ಏಳ್ಲಿಲ್ಲ. ಇನ್ನೊಂದ್ಸಲ ಕೀ ಗೂಡ್ನಾಗಿಟ್ಟು ಕೊಳಾಯಿಗೆ ಓದೆ."

ಅಕ್ಕಯ್ಯಮ್ಮ ಬಂದು ಅವಳ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಮೂರನೆಯದಕ್ಕೆ ಕೈಯೆತ್ತಿದವಳು ಹಾಗೇ ಕುಸಿದು, "ಬರಲಿನಾಗೆ ಒಡ್ಸಿದ್ನಲ್ಲೇ ನನ್ನ ಕೂಸ್ನ," ಎಂದು ನೆಲ ಬಡಿದಳು. ದ್ಯಾವಮ್ಮನಿಗೂ ಅಳು ನುಗ್ಗಿ ಬಂತು. ಮುನಿನಾರಾಯಣಮ್ಮ ಊರುಗೋಲು ಕುಟ್ಟುತ್ತಾ ಬಂದು ಎದುರು ನಿಂತಳು. ಅವಳ ಕಣ್ಣಿನಲ್ಲಿ ಕರುಣೆ ಇರಲಿಲ್ಲ.

"ನೀನು ಅಳಬ್ಯಾಡ. ಅಳೋದು ಅವ್ರ ಪಾಲು. ನಿಂಗೆ ಬಾಯಿ ಐತೆ, ಇವತ್ತು ಬಿಚ್ಚಿದೀಯ. ನಾಳೆ ಇದನ್ನೇ ಎಲ್ಲಿ ಯೋಳ್ಬೇಕೋ ಅಲ್ಲಿ ಯೋಳ್ತೀಯಾ, ಇಲ್ಲ ಇವತ್ತಿಗೆ ಮುಗೀತಾ?"

"ಯೋಳ್ತೀನಿ."

"ಕೆಲಸ ಓಯ್ತದೆ."

"ಓಗ್ಲಿ," ಎಂದಳು ದ್ಯಾವಮ್ಮ.

ಸೋಮವಾರ ಬೆಳಿಗ್ಗೆ ಐದಕ್ಕೆ ಹನ್ನೊಂದು ಹೆಂಗಸರು ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು. ಸೊಣ್ಣಪ್ಪ ಹತ್ತು ಅಡಿ ದೂರದಲ್ಲಿ ನಿಂತು ಹಾಜರಿ ಕೂಗಿದ. ದ್ಯಾವಮ್ಮನ ಹೆಸರು ಬಂದಾಗ ಪುಸ್ತಕದಿಂದ ತಲೆಯೆತ್ತಿ, "ಮಧ್ಯಾನ್ನ ಬತ್ತೀನಿ. ಕೀ ಇಟ್ಟಿರು," ಎಂದ. ಎಲ್ಲರ ಎದುರಿಗೇ ಹೇಳಿದ. ಎದುರಿಗಿದ್ದವರು ಮನುಷ್ಯರು ಎಂಬ ಲೆಕ್ಕವಿದ್ದರೆ ತಾನೆ ನಾಚಿಕೆ.

ದ್ಯಾವಮ್ಮ ಬುಟ್ಟಿಯನ್ನು ಕೆಳಗಿಟ್ಟಳು. ಸಾಲಿನಿಂದ ಹೊರಗೆ ಬಂದಳು. ಒಂದೊಂದೇ ಹೆಜ್ಜೆ ಹಾಕಿ ಅವನ ಕಡೆ ನಡೆದಳು. ಹತ್ತು ಅಡಿ ಐದಾಯಿತು. ಐದು ಎರಡಾಯಿತು.

"ಅಲ್ಲೇ ನಿಂತ್ಕೊಳೇ! ದೂರ!"

"ಯಾಕೆ ದೂರ?" ಅವಳ ಕೊಳಾಯಿ ಗಂಟಲು ಮೂರು ಲೈನಿಗೂ ಕೇಳಿತು. "ಅಕ್ಕಯ್ಯಮ್ಮನ ಮಗಳತ್ರ ಓದಾಗ ಎಷ್ಟು ದೂರ ನಿಂತಿದ್ದೆ? ಮಾತು ಬರ್ದ ಎಣ್ಣು, ಯಾರ್ಗೂ ಯೋಳಲ್ಲ ಅಂತ ಓದೆ. ಕೀ ಕೊಟ್ಟಿದ್ದು ನಾನು. ಎರಡು ಸಲ ಕೊಟ್ಟಿದ್ದು ನಾನು. ಕೇಳಿ ಎಲ್ಲಾರೂ, ಇವ್ನು ಮಾಡ್ದ, ನಾನು ಕಾವಲು ಕೂತೆ. ನಾನೂ ಕಳ್ಳಿ. ಇವತ್ತು ಕೊಡಲ್ಲ."

"ಲೇ, ನಿನ್ನ ಎಸ್ರು ಒಡೆದಾಕ್ತೀನಿ..."

"ಒಡೀ. ನೀನು ಒಡೆಯೋದ್ಕಿಂತ ಮುಂಚೆ ನಾನೇ ಒಡ್ಕಂಡಿದೀನಿ."

ಮನೆಗಳ ಬಾಗಿಲು ತೆರೆದುಕೊಂಡವು. ಒಬ್ಬಳು ತಟ್ಟೆ ತಂದು ಬಡಿದಳು. ನಿನ್ನೆ ಕಲಿತದ್ದು. ಇನ್ನೊಂದು ಮನೆಯಿಂದ ಇನ್ನೊಂದು ತಟ್ಟೆ. ಸೊಣ್ಣಪ್ಪನ ಟವಲು ಮೂಗಿನಿಂದ ಜಾರಿತು. ಹನ್ನೊಂದು ಬುಟ್ಟಿ ಆ ದಿನ ನೆಲದಿಂದ ಮೇಲೇಳಲಿಲ್ಲ. ಬಿಸಿಲೇರುವ ಹೊತ್ತಿಗೆ ಅಕ್ಕಯ್ಯಮ್ಮ, ಪಾಪಕ್ಕ, ಮುನಿನಾರಾಯಣಮ್ಮ ಮುಂದೆ, ದ್ಯಾವಮ್ಮ ಎಲ್ಲರಿಗಿಂತ ಹಿಂದೆ, ನಡೆದುಕೊಂಡು ಠಾಣೆಗೆ ಹೋದರು. ನಿನ್ನ ಮೇಲೂ ಕೇಸಾಗುತ್ತದೆ ಕಣಮ್ಮ, ಗೊತ್ತಾ ಎಂದು ಅಲ್ಲಿ ಕೇಳಿದರು. ಗೊತ್ತು ಎಂದು ಹೆಬ್ಬೆಟ್ಟು ಒತ್ತಿದಳು.

ಕೇಸು ಇನ್ನೂ ನಡೆಯುತ್ತಿದೆ. ವಾಯಿದೆಯ ಮೇಲೆ ವಾಯಿದೆ. ಸೊಣ್ಣಪ್ಪ ಜಾಮೀನಿನ ಮೇಲೆ ಹೊರಗಿದ್ದಾನೆ. ಲೈನಿಗೆ ಮಾತ್ರ ಬರುವುದಿಲ್ಲ. ದ್ಯಾವಮ್ಮನ ಕೆಲಸ ಹೋಯಿತು. ಅವಳು ಈಗ ಬಂಗಾರಪೇಟೆ ಕಡೆಯ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿಯುತ್ತಾಳೆ. ಬೆಳಗಿನ ಜಾವವೇ ಹೋಗಿ ಮಧ್ಯಾಹ್ನದ ರೈಲಿಗೆ ಬಂದುಬಿಡುತ್ತಾಳೆ. ಅವಳು ಒಳ್ಳೆಯವಳು ಎಂದು ಈಗ ಯಾರೂ ಹೇಳುವುದಿಲ್ಲ. ಹೆರಿಗೆಗೆ ಕರೆಯುವುದಿಲ್ಲ. ಅಕ್ಕಯ್ಯಮ್ಮ ಮಾತು ಬಿಟ್ಟಿದ್ದಾಳೆ.

ಅಕ್ಕಯ್ಯಮ್ಮನ ಬಾಗಿಲಿಗೆ ಈಗ ಹೊರಗೆ ಬೀಗವಿಲ್ಲ. ಒಳಗೆ ಒಂದು ಗೇಣುದ್ದದ ಕಬ್ಬಿಣದ ಚಿಲಕ. ಅದನ್ನು ಬಾಗಿಲಿಗೆ ಜಡಿದವಳು ಪಾಪಕ್ಕನೇ. ಹಗಲೆಲ್ಲ ಒಬ್ಬಳೇ ಇರುತ್ತಾಳೆ. ಬೇಕಾದಾಗ ತೆಗೆದು ಬಿಸಿಲಿಗೆ ಕೂರುತ್ತಾಳೆ, ಬೇಡವಾದಾಗ ಹಾಕಿಕೊಳ್ಳುತ್ತಾಳೆ.

ಮೂರೂವರೆಗೆ ಮದ್ದು ಸಿಡಿಯುತ್ತದೆ. ಪಾತ್ರೆಗಳು ಅಲುಗುತ್ತವೆ. ದ್ಯಾವಮ್ಮ ಅಂಗೈಯನ್ನು ಗೋಡೆಗೆ ಒತ್ತಿ ಕಾಯುತ್ತಿದ್ದಳು. ತಿಂಗಳುಗಟ್ಟಲೆ ಏನೂ ಬರಲಿಲ್ಲ.

ಆಷಾಢದ ಒಂದು ಮಧ್ಯಾಹ್ನ, ಇನ್ನೂ ಮೂರು ಹೊಡೆದಿರಲಿಲ್ಲ, ಗೋಡೆ ಗುದ್ದಿದ ಸದ್ದಾಯಿತು. ಧಬ್, ಧಬ್, ಧಬ್. ದ್ಯಾವಮ್ಮ ಹಲಗೆಯ ಕಡೆ ನೋಡಿದಳು. ಪಾತ್ರೆಗಳು ಸುಮ್ಮನಿದ್ದವು. ಅವಳು ಎದ್ದಳು. ಒಲೆಯ ಮೇಲಿನ ಎಸರು ಕಾಲಿಗೆ ತಾಗಿ ಉರುಳಿತು. ಮೋರಿ ದಾಟುವಾಗ ಜಾರಿ ಬಿದ್ದು ಮಂಡಿ ಒಡೆಯಿತು. ಎದ್ದು ಹೋಗಿ ಆ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದಳು, "ಯಾವನ್ಲಾ ಒಳಗೆ!" ಎಂದು ಕಿರುಚಿದಳು. ಬಡಿತಕ್ಕೆ ಬಾಗಿಲು ಅದುರಿತು. ಒಳಗೆ ಚಿಲಕ ಸರಿಯಿತು.

ಪಾಪಕ್ಕ ನಿಂತಿದ್ದಳು. ಒಬ್ಬಳೇ. ಹಿಂದೆ ಯಾರೂ ಇರಲಿಲ್ಲ. ಅವಳು ದ್ಯಾವಮ್ಮನ ಸುಟ್ಟ ಕಾಲು ನೋಡಿದಳು, ರಕ್ತ ಸುರಿಯುವ ಮಂಡಿ ನೋಡಿದಳು, ಮುಖ ನೋಡಿದಳು. ನಗಲಿಲ್ಲ. ಬಾಗಿಲು ಹಾಕಿಕೊಂಡು ಚಿಲಕ ಸೇರಿಸಿದಳು.

ನಾಲ್ಕು ದಿನ ಬಿಟ್ಟು ಮತ್ತೆ ಗುದ್ದಿದಳು. ದ್ಯಾವಮ್ಮ ಓಡಿದಳು. ಮತ್ತೆ ಅದೇ. ನೋಡಿದಳು, ಬಾಗಿಲು ಹಾಕಿಕೊಂಡಳು. ಈಗ ವರ್ಷವಾಗುತ್ತಾ ಬಂತು. ಯಾವ ದಿನ, ಯಾವ ಹೊತ್ತು ಎಂದು ಗೊತ್ತಿಲ್ಲ. ಉಣ್ಣುವಾಗ ಬರುತ್ತದೆ, ಜ್ವರದಲ್ಲಿ ಮಲಗಿದ್ದಾಗ ಬರುತ್ತದೆ. ದ್ಯಾವಮ್ಮ ಒಂದು ದಿನವೂ ಗೋಡೆಗೆ ತಿರುಗಿ ಗುದ್ದಿಲ್ಲ. ಎದ್ದು ಹೋಗಿ ಆ ಬಾಗಿಲ ಮುಂದೆ ನಿಲ್ಲುತ್ತಾಳೆ.